ಓದುಗರ ಪ್ರಶ್ನೆ, ನಮ್ಮ ಉತ್ತರ: ಹಳೇ ಕಟ್ಟಡ, ಟ್ರಸ್ಟುಗಳು, ಮತ್ತೆ ಆ ದಂಬೆ

ಹೋದ ಸಲ ಸುಣ್ಣದ ಗಾರೆ ಬಗ್ಗೆ ಬರ್ದಿದ್ದಕ್ಕೆ ಬಂದ ಪತ್ರ, ಮೆಸೇಜು ನೋಡಿದ್ರೆ ಅರ್ಧಕ್ಕರ್ಧ ಜನ ಗಾರೆ ಬಿಟ್ಟು ಬೇರೇದೇ ಕೇಳಿದಾರೆ: ಹಳೇ ಕಟ್ಟಡ ಉಳಿಸೋ ಟ್ರಸ್ಟು, ಸಂಸ್ಥೆ ಅಂತ ಇರ್ತಾವಲ್ಲ, ಅವು ನಮ್ಮನೆಗೆ ಬರ್ತಾವಾ, ನಮ್ಮೂರ ಗುಡಿಗೆ ಬರ್ತಾವಾ, ದುಡ್ಡು ಕೊಡ್ತಾವಾ, ಇಲ್ಲಾ ನಮ್ಮ ಹತ್ರಾನೇ ಕೇಳ್ತಾವಾ ಅಂತ. ಸರಿ, ಈ ಸಲ ಪೂರ್ತಿ ಅದೇ. ಹೆಸರು ಹಾಕ್ಬೇಡಿ ಅಂತ ಸುಮಾರು ಜನ ಹೇಳಿರೋದ್ರಿಂದ ಯಾರ ಹೆಸರೂ ಹಾಕಿಲ್ಲ, ಊರು ಮಾತ್ರ.

ಮೇಡಂ, ನಮ್ದು ಅಜ್ಜನ ಕಾಲದ ಮನೆ, ನೂರು ವರ್ಷದ ಮೇಲಾಗಿದೆ. ದೊಡ್ಡ ಜಗಲಿ, ಕೆತ್ತನೆ ಕಂಬ, ಒಳಗೆ ತೊಟ್ಟಿ ಎಲ್ಲ ಇದೆ. ಅಣ್ಣತಮ್ಮಂದ್ರು ನಾಲ್ಕು ಜನ, ಮೂವರು ಬೆಂಗಳೂರಲ್ಲಿ. ಮರ ಕೊಳ್ಳೋ ಪಾರ್ಟಿ ಒಬ್ರು ಬಂದು ಕಂಬ ಬಾಗಿಲಿಗೆ ಒಳ್ಳೆ ರೇಟು ಹೇಳ್ತಿದಾರೆ. ಯಾವ್ದಾದ್ರೂ ಟ್ರಸ್ಟಿನವ್ರು ಮನೆ ತಗೊಂಡು ಉಳಿಸ್ತಾರಾ?
*ಶಿರಸಿ ಕಡೆಯವರು*

ಮೊದ್ಲೇ ಹೇಳ್ಬಿಡ್ತೀನಿ, ಬೇಜಾರ್ ಮಾಡ್ಕೋಬೇಡಿ. ಜನ ವಾಸ ಇರೋ ಖಾಸಗಿ ಮನೇನ ಇದ್ದ ಜಾಗದಲ್ಲೇ ತಗೊಂಡು ನಿಮ್ಮ ಬದಲು ನೋಡ್ಕೊಳ್ಳೋ ಟ್ರಸ್ಟು ನಮ್ಮಲ್ಲಿ ಸಿಗೋದು ಕಷ್ಟ, ಸಿಗಲ್ಲ ಅಂತಾನೇ ಇಟ್ಕೊಳ್ಳಿ. ಯಾರನ್ನೇ ಕೇಳಿದ್ರೂ ಮೊದಲನೇ ಪ್ರಶ್ನೆ ಖಾತೆ ಯಾರ ಹೆಸರಲ್ಲಿದೆ ಅಂತ. ಎರಡನೇದು ನಾಲ್ಕೂ ಜನ ಸೈನ್ ಹಾಕ್ತಾರಾ ಅಂತ. ಅಲ್ಲಿಗೇ ಮುಕ್ಕಾಲು ಕೇಸು ಮುಗ್ದೋಗುತ್ತೆ.

ಮನೆ ಉಳಿಸಿದ ದೊಡ್ಡ ಉದಾಹರಣೆ ನಿಮ್ಗೂ ಗೊತ್ತಿರುತ್ತೆ, ಮಣಿಪಾಲದ ಹಸ್ತಶಿಲ್ಪ ಟ್ರಸ್ಟು. ವಿಜಯನಾಥ ಶೆಣೈ ಅವ್ರು ಬ್ಯಾಂಕ್ ಕೆಲಸದಲ್ಲಿದ್ದೋರು, ಕರಾವಳಿಯಲ್ಲಿ ಹಳೇ ಮನೆ ಒಂದೊಂದೇ ಕೆಡವಿ ಮರ ಮಾರೋದು ನೋಡಿ ತಡ್ಕೊಳ್ಳೋಕಾಗ್ದೆ ಕಂಬ, ಬಾಗಿಲು, ಪಾತ್ರೆ ಪಗಡ ಕೂಡಿಡೋಕೆ ಶುರು ಮಾಡಿದ್ರು, ಆಮೇಲೆ ಇಡೀ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ಜೋಡಿಸಿ ನಿಲ್ಸಿದ್ರು. ಕುಕನೂರಿನ ಕಮಲ್ ಮಹಲ್, ಬೀದರಿನ ದಖನಿ ನವಾಬ್ ಮಹಲ್, ಮಿಯ್ಯಾರಿನ ಮನೆ ಎಲ್ಲ ಈಗ ಮಣಿಪಾಲದ ಹೆರಿಟೇಜ್ ವಿಲೇಜಲ್ಲಿ ಅಕ್ಕಪಕ್ಕ ನಿಂತಿವೆ. ಶೆಣೈ ಅವ್ರು 2017ರಲ್ಲಿ ತೀರ್ಕೊಂಡ್ರು. ನಾನು ಅಲ್ಲಿಗೆ ಹೋದಾಗೆಲ್ಲ ಎರಡು ಥರ ಅನ್ಸುತ್ತೆ. ಇವ್ರು ತರ್ಲಿಲ್ಲ ಅಂದಿದ್ರೆ ಆ ಕಂಬಗಳು ಯಾವ್ದೋ ರೆಸಾರ್ಟಿನ ರಿಸೆಪ್ಷನ್ನಲ್ಲೋ ಸಾಮಿಲ್ಲಲ್ಲೋ ಇರ್ತಿತ್ತು, ಅದು ನಿಜ. ಆದ್ರೆ ಹಿಂದೆ ತೋಟ ಇಲ್ಲ, ಪಕ್ಕದಲ್ಲಿ ಬಾವಿ ಇಲ್ಲ, ಅಂಗಳದಲ್ಲಿ ಅಡಿಕೆ ಒಣಗಲ್ಲ, ಮನೆ ಇದೆ ಊರಿಲ್ಲ. ಮನೆ ಬಿಚ್ಚಿ ಸಾಗ್ಸೋದು ಕೊನೇ ದಾರಿ ಅಂತ ಈ ಕೆಲಸದಲ್ಲಿರೋ ನಾವೆಲ್ಲ ಹೇಳೋದು ಅದಕ್ಕೇ.

ನಿಮಗೆ ಈಗ ಆಗೋದು ಏನಂದ್ರೆ, ಇಂಟ್ಯಾಕ್ ಅಂತ ಇದೆ, ಹಳೇ ಕಟ್ಟಡ, ಪರಂಪರೆ ಉಳಿಸೋಕೆ 1984ರಲ್ಲಿ ದಿಲ್ಲಿಯಲ್ಲಿ ಶುರುವಾದ ಸಂಸ್ಥೆ, ದೇಶದ ತುಂಬ ಊರೂರಲ್ಲಿ ಚಾಪ್ಟರ್ ಇದೆ, ನಿಮಗೆ ಹತ್ರ ಇರೋದು ಯಾವ್ದೋ ಅಲ್ಲಿಗೆ ಬರೀರಿ. ದುಡ್ಡು ಕೇಳ್ಬೇಡಿ. ಮನೆ ನೋಡಿ, ಅಳತೆ ತಗೊಂಡು ಡ್ರಾಯಿಂಗ್ ಮಾಡ್ಸೋಕಾಗುತ್ತಾ, ಯಾವ್ದಾದ್ರೂ ಆರ್ಕಿಟೆಕ್ಚರ್ ಕಾಲೇಜಿನ ಹುಡುಗ್ರು ಬರ್ತಾರಾ ಕೇಳಿ. ಒಂದು ಅಳತೆ ಡ್ರಾಯಿಂಗು ಕೈಲಿದ್ರೆ ಅಣ್ಣತಮ್ಮಂದ್ರ ಮಾತಿನ ಧಾಟಿಯೇ ಬೇರೆ ಆಗುತ್ತೆ, ಇದನ್ನ ನಾನು ಕಣ್ಣಾರೆ ನೋಡಿದೀನಿ, ಅಲ್ಲೀವರೆಗೂ "ಹಳೇ ಮನೆ" ಆಗಿದ್ದು ಪೇಪರ್ ಮೇಲೆ ಬಂದ್ಮೇಲೆ "ನಮ್ಮನೆ" ಆಗ್ಬಿಡುತ್ತೆ.

ಇನ್ನೊಂದು, ಇದು ಯಾವ ಟ್ರಸ್ಟೂ ಬಂದು ಮಾಡ್ಕೊಡಲ್ಲ. ನಾಳೆ ಬೆಳಿಗ್ಗೆ ಒಂದು ಸ್ಕ್ರೂಡ್ರೈವರ್ ಹಿಡ್ಕೊಂಡು ಏಣಿ ಹಾಕಿ ಸೂರಿನ ಕೆಳಗೆ ಹೋಗಿ, ಪಕಾಸಿನ (ಹಂಚು ಹೊರೋ ಓರೆ ಮರ) ತುದಿ ಗೋಡೆ ಮೇಲೆ ಕೂತಿರೋ ಕಡೆ ಮೆಲ್ಲಗೆ ಚುಚ್ಚಿ ನೋಡಿ. ಟಣ್ ಅಂತ ನಿಂತ್ರೆ ಸರಿ. ಬೆಣ್ಣೆಗೆ ಚಾಕು ಹೋದಂಗೆ ಹೋದ್ರೆ ಅಲ್ಲಿ ಮೇಲಿನ ಹಂಚು ಒಡ್ದಿದೆ, ಇಲ್ಲಾ ದಂಬೆ, ಅಂದ್ರೆ ಸೂರಿನಂಚಲ್ಲಿ ಮಳೆನೀರು ಹರಿದುಹೋಗೋ ದೋಣಿ, ಕಟ್ಕೊಂಡು ನೀರು ವಾಪಸ್ ಗೋಡೆಗೆ ಬರ್ತಿದೆ. ಮಲೆನಾಡಲ್ಲಿ ಮನೆ ಬೀಳೋದು ವಯಸ್ಸಾಗಿ ಅಲ್ಲ. ದಂಬೆಯಲ್ಲಿ ಒಂದು ಬುಟ್ಟಿ ಹಲಸಿನ ಎಲೆ ತುಂಬಿರುತ್ತೆ, ಅದನ್ನ ತೆಗೆಯೋಕೆ ಊರಲ್ಲಿ ಯಾರೂ ಇರಲ್ಲ, ಬೆಂಗಳೂರಿಂದ ಗಣೇಶನ ಹಬ್ಬಕ್ಕೆ ಬರೋ ಹೊತ್ಗೆ ಮಳೆಗಾಲ ಮುಕ್ಕಾಲು ಮುಗ್ದಿರುತ್ತೆ. ಮೇ ತಿಂಗಳಲ್ಲಿ ಎರಡಾಳು, ಎರಡು ದಿನದ ಕೂಲಿ, ಒಂದಷ್ಟು ಹಂಚು. ನಾಲ್ಕು ಜನ ಹಂಚ್ಕೊಂಡ್ರೆ ಒಬ್ಬೊಬ್ರಿಗೆ ಎಷ್ಟಾಗುತ್ತೆ ನೀವೇ ಲೆಕ್ಕ ಹಾಕಿ.

ನಮ್ಮೂರಲ್ಲಿ ಒಂದು ಹಳೇ ಕಲ್ಲಿನ ದೇವಸ್ಥಾನ ಇದೆ, ಹೊಯ್ಸಳರ ಕಾಲದ್ದು ಅಂತಾರೆ. ಕಮಿಟಿಯವ್ರು ಜೀರ್ಣೋದ್ಧಾರ ಅಂತ ಕಲ್ಲಿಗೆ ಮರಳು ಹೊಡ್ಸಿ ಕ್ಲೀನ್ ಮಾಡಿ, ಒಳಗೆ ಗ್ರಾನೈಟ್ ಹಾಕ್ಸಿ, ಮೇಲೆ ಸಿಮೆಂಟ್ ಗೋಪುರ ಕಟ್ಟಿಸ್ಬೇಕು ಅಂತಿದಾರೆ. ಬೇಡ ಅಂದ್ರೆ ನಾನು ದೇವರ ವಿರೋಧಿ ಆಗ್ತೀನಿ. ಏನ್ ಮಾಡ್ಲಿ?
*ಹಾಸನ ಜಿಲ್ಲೆ*

ಬೇಡ ಅಂತ ಹೇಳೋಕೆ ಹೋಗ್ಬೇಡಿ. ಬೇರೆ ದಾರಿ ಇದೆ ಅಂತ ಹೇಳಿ.

ಮೊದಲು ಗುಡಿ ಸಂರಕ್ಷಿತ ಪಟ್ಟಿಯಲ್ಲಿದೆಯಾ ವಿಚಾರ್ಸಿ. ಕೇಂದ್ರದ ಪುರಾತತ್ವ ಇಲಾಖೆ ಪಟ್ಟಿಯಲ್ಲಿದ್ರೆ 1958ರ ಕಾಯ್ದೆ, ರಾಜ್ಯ ಇಲಾಖೆ ಪಟ್ಟಿಯಲ್ಲಿದ್ರೆ 1961ರ ಕಾಯ್ದೆ. ಕೇಂದ್ರದ ಪಟ್ಟಿಯಲ್ಲಿದ್ರೆ ಕಮಿಟಿಯವ್ರು ಒಂದು ಮೊಳೆ ಕೂಡ ಹೊಡೆಯಂಗಿಲ್ಲ, ಸುತ್ತ 100 ಮೀಟರ್ ಹೊಸ ಕಟ್ಟಡ ಕಟ್ಟಂಗಿಲ್ಲ, ಅದರಾಚೆ ಇನ್ನೂ 200 ಮೀಟರ್ ಪರ್ಮಿಷನ್ ಬೇಕು. ಆದ್ರೆ ನಮ್ಮ ಹಳ್ಳಿ ಗುಡಿಗಳಲ್ಲಿ ಬಹುಪಾಲು ಯಾವ ಪಟ್ಟಿಯಲ್ಲೂ ಇಲ್ಲ, ನಿಮ್ದೂ ಇರಲ್ಲ ಅಂತಾನೇ ಅಂದ್ಕೊಳ್ತೀನಿ.

ಅಂಥ ಗುಡಿಗಳಿಗಾಗೇ ಕೆಲಸ ಮಾಡ್ತಿರೋದು ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟು. 1991ರಲ್ಲಿ ಡಾ. ವೀರೇಂದ್ರ ಹೆಗ್ಗಡೆಯವರು ಶುರು ಮಾಡಿದ್ದು, ರಾಜ್ಯದಲ್ಲಿ 200ಕ್ಕೂ ಹೆಚ್ಚು ಹಳೇ ದೇವಸ್ಥಾನ ದುರಸ್ತಿ ಮಾಡಿದಾರೆ. ಅವ್ರ ಲೆಕ್ಕಾಚಾರ ನಂಗೆ ತುಂಬ ಇಷ್ಟ: ಖರ್ಚಲ್ಲಿ ಟ್ರಸ್ಟು 40 ಪರ್ಸೆಂಟು, ಸರ್ಕಾರ 40, ಊರವ್ರು 20. ಆ 20 ಇದೆಯಲ್ಲ, ಅದೇ ಗುಟ್ಟು. ಪೂರ್ತಿ ಹೊರಗಿನವ್ರ ದುಡ್ಡಲ್ಲಿ ರಿಪೇರಿ ಆದ ಗುಡಿಗೆ ಎರಡನೇ ವರ್ಷಕ್ಕೆ ಬೀಗ ತುಕ್ಕು ಹಿಡ್ದಿರುತ್ತೆ, ತಾನೂ ಐನೂರು ರೂಪಾಯಿ ಕೊಟ್ಟಿದೀನಿ ಅನ್ನೋ ಅಜ್ಜ ಇದ್ರೆ ಗೋಪುರದ ಮೇಲೆ ಅರಳಿ ಸಸಿ ಹುಟ್ಟಿದ್ ದಿನಾನೇ ಬೈತಾನೆ.

ಅವ್ರ ಕೆಲಸದ ರೀತೀನೂ ಕಮಿಟಿಗೆ ಹೇಳಿ. ವಾಲಿದ ಗುಡಿ ಆದ್ರೆ ಒಂದೊಂದು ಕಲ್ಲಿಗೂ ನಂಬರ್ ಬರ್ದು, ಫೋಟೋ ತೆಗ್ದು, ಬಿಚ್ಚಿ, ಪಾಯ ಸರಿ ಮಾಡಿ, ಅದೇ ಕಲ್ಲನ್ನ ಅದೇ ಜಾಗಕ್ಕೆ ಕೂರ್ಸೋದು. ಕೆಲಸಕ್ಕೆ ಮುಂಚೆ ನಂಬರ್ ಬರೆದ ಕಲ್ಲುಗಳು ಹೊಲದಲ್ಲಿ ಸಾಲಾಗಿ ಮಲಗಿರೋದು ನೋಡಿದ್ರೆ ಊರವ್ರಿಗೆ ಎದೆ ಧಸಕ್ ಅನ್ನುತ್ತೆ, ದೇವಸ್ಥಾನ ಹೋಯ್ತು ಅಂತ ಅಳೋರನ್ನೂ ನೋಡಿದೀನಿ. ಆರು ತಿಂಗಳು ಬಿಟ್ಟು ಅವ್ರೇ ಪ್ರಸಾದ ಹಂಚ್ತಿರ್ತಾರೆ.

ಮರಳು ಹೊಡ್ಸೋದು ಮಾತ್ರ ಹೇಗಾದ್ರೂ ನಿಲ್ಲಿಸಿ. ಹೊಯ್ಸಳ ಗುಡಿ ಅಂದ್ರೆ ಸಾಮಾನ್ಯವಾಗಿ ಬಳಪದ ಕಲ್ಲು, ಕಡೆಯುವಾಗ ಮೆತ್ತಗಿರುತ್ತೆ, ಅದಕ್ಕೇ ಅಷ್ಟು ಸಣ್ಣ ಕೆತ್ತನೆ ಆಗಿದ್ದು, ಗಾಳಿ ಬಿಸಿಲು ತಿಂದು ಮೇಲ್ಮೈ ಗಟ್ಟಿ ಆಗುತ್ತೆ. ಮಿಷನ್ನಲ್ಲಿ ಮರಳು ಹೊಡೆದ್ರೆ ಹೋಗೋದು ಕೊಳೆ ಅಲ್ಲ, ಆ ಗಟ್ಟಿ ಚರ್ಮ. ಮದನಿಕೆಯ ಮೂಗು, ಉಗುರು, ಬಳೆಯ ಗೆರೆ ಎಲ್ಲ ಒಂದು ಮಧ್ಯಾಹ್ನದಲ್ಲಿ ನುಣ್ಣಗಾಗ್ಬಿಡುತ್ತೆ. ಆಯಿಲ್ ಪೇಂಟು, ಎಣ್ಣೆ, ಸಿಮೆಂಟು ಮೂರಕ್ಕೂ ಇದೇ ಮಾತು.

ಕಮಿಟಿ ಮೀಟಿಂಗಲ್ಲಿ ಫಿಲಾಸಫಿ ಮಾತಾಡ್ಬೇಡಿ. "ಸರ್ಕಾರ, ಟ್ರಸ್ಟು ಸೇರಿ 80 ಪರ್ಸೆಂಟ್ ಕೊಡ್ತಾರಂತೆ, ನಮ್ದು ಬರೀ 20 ಅಂತೆ" ಅಂತ ಒಂದು ಲೈನ್ ಹೇಳಿ ಕೂತ್ಕೊಳ್ಳಿ.

ಮೇಡಂ, ನಮ್ಮೂರಲ್ಲಿ ಒಂದು ಹಳೇ ಛತ್ರನ ಒಂದು ಟ್ರಸ್ಟಿನವ್ರು ಭಾರೀ ಖರ್ಚು ಮಾಡಿ ರಿಪೇರಿ ಮಾಡಿಸಿ, ಮಂತ್ರಿಗಳನ್ನ ಕರ್ಸಿ ಉದ್ಘಾಟನೆ ಎಲ್ಲ ಮಾಡಿದ್ರು. ಮೂರೇ ವರ್ಷಕ್ಕೆ ಸೋರ್ತಿದೆ, ಗೋಡೆ ತುಂಬ ಬಿಳೀ ಉಪ್ಪು. ಇದಕ್ಕಿಂತ ಹಾಗೇ ಬಿಟ್ಟಿದ್ರೇ ಚೆನ್ನಾಗಿತ್ತಾ?
*ಮೈಸೂರು ಕಡೆ*

ಅಯ್ಯೋ, ಈ ಕಥೆ ನಂದೂ ಹೌದು. ಸುಮಾರು ವರ್ಷದ ಹಿಂದೆ ಒಂದು ಸಂಸ್ಥೆ ಜೊತೆ ನಾನು ಕೆಲಸ ಮಾಡಿದೆ, ಹೆಸರು ಬೇಡ, ಒಳ್ಳೇ ಜನಾನೇ. ಮದ್ರಾಸ್ ತಾರಸಿ ಇದ್ದ ಕಟ್ಟಡ, ಅಂದ್ರೆ ತೇಗದ ತೊಲೆ, ಅದರ ಮೇಲೆ ಓರೆಯಾಗಿ ಜೋಡಿಸಿದ ಸಣ್ಣ ಇಟ್ಟಿಗೆ, ಮೇಲೆ ಸುಣ್ಣದ ಗಚ್ಚು. ನಾನು ಬರೆದ ಎಸ್ಟಿಮೇಟಲ್ಲಿ ಎರಡು ಐಟಂ ಕಿತ್ತುಹಾಕಿದ್ರು. ಒಂದು ಸುಣ್ಣ ಕೊಳೆಸೋಕೆ ಕೊಟ್ಟಿದ್ದ ಟೈಮು, ಯಾಕಂದ್ರೆ ಉದ್ಘಾಟನೆ ಡೇಟ್ ಫಿಕ್ಸ್ ಆಗಿತ್ತು. ಇನ್ನೊಂದು ಐದು ವರ್ಷದ ಮೇಂಟೆನೆನ್ಸು. "ಡೋನರ್ ಅದಕ್ಕೆ ಕೊಡಲ್ಲ ಮೇಡಂ, ಬೋರ್ಡಲ್ಲಿ ಏನಂತ ಬರೆಯೋದು, ಈ ನೀರಿನ ಕೊಳವೆ ಕ್ಲೀನ್ ಮಾಡಿಸಿದವರು ಇಂಥವರು ಅಂತಾನಾ?" ಅಂದ್ರು. ನಗು ಬಂತು, ನಕ್ಕೆ. ಸುಣ್ಣದ ಜಾಗಕ್ಕೆ ಸಿಮೆಂಟ್ ಬಂತು. ಮೂರನೇ ಮಳೆಗಾಲಕ್ಕೆ ನಿಮ್ಮ ಛತ್ರದ ಥರಾನೇ ಆಯ್ತು. ನಾನೂ ಸೈನ್ ಹಾಕಿದ್ದೆ, ಆ ತಪ್ಪು ನಂದೂ ಇದೆ.

ಆಗೋದು ಇಷ್ಟೇ. ಹಳೇ ಇಟ್ಟಿಗೆ ಗೋಡೆ ನೀರು ಕುಡಿಯುತ್ತೆ, ಬಿಸಿಲು ಬಂದಾಗ ಸುಣ್ಣದ ಗಾರೆ ಮೂಲಕ ಉಸಿರು ಬಿಡುತ್ತೆ. ಮೇಲೆ ಸಿಮೆಂಟ್ ಬಳಿದ್ರೆ ಹೊರಗೆ ಬರೋ ದಾರಿ ಬಂದ್. ಒಳಗಿನ ತೇವ ಉಪ್ಪು ಹೊತ್ಕೊಂಡು ಎಲ್ಲಿ ಸಂದಿ ಸಿಗುತ್ತೋ ಅಲ್ಲಿ ಬರುತ್ತೆ, ಉಪ್ಪು ಹರಳಾಗಿ ಉಬ್ಬುತ್ತೆ, ಇಟ್ಟಿಗೆ ರವೆ ಥರ ಉದುರುತ್ತೆ. ಬೆರಳಲ್ಲಿ ಉಜ್ಜಿ ನೋಡಿ, ಕೆಂಪು ಪುಡಿ ಬಂದ್ರೆ ಅದೇ.

ಇದು ನಮ್ಮೂರ ಛತ್ರದ ಸಮಸ್ಯೆ ಮಾತ್ರ ಅಲ್ಲ. ದಿಲ್ಲಿಯ ಹುಮಾಯೂನ್ ಸಮಾಧಿ ಕೆಲಸನ ಆಗಾ ಖಾನ್ ಟ್ರಸ್ಟಿನವ್ರು ಪುರಾತತ್ವ ಇಲಾಖೆ ಜೊತೆ ಸೇರಿ ಮಾಡಿದ್ರಲ್ಲ, 2013ರಲ್ಲಿ ಮುಗೀತು, ಅಲ್ಲಿ ಮೊದಲು ಮಾಡಿದ ಕೆಲಸಗಳಲ್ಲಿ ಒಂದು ಏನ್ ಗೊತ್ತಾ, ಹಿಂದಿನ ರಿಪೇರಿಗಳಲ್ಲಿ ಛಾವಣಿ ಮೇಲೆ ಸುರಿದಿದ್ದ ಕಾಂಕ್ರೀಟ್ ಕಿತ್ತಿದ್ದು. ಹತ್ತು ಲಕ್ಷ ಕಿಲೋ! ಅಂದ್ರೆ ಸಾವಿರ ಟನ್ನು. ಸೋರಿದಾಗೆಲ್ಲ ಒಂದು ಪದರ, ಮತ್ತೆ ಸೋರಿದಾಗ ಇನ್ನೊಂದು, ಹೀಗೇ ಆಗಿದ್ದು. ಅಷ್ಟನ್ನೂ ಕೈಯಲ್ಲಿ ಒಡ್ದು ಇಳಿಸಿ ಮತ್ತೆ ಸುಣ್ಣದ ಗಚ್ಚು ಹಾಕಿದ್ರು.

ಹಾಗೇ ಬಿಟ್ಟಿದ್ರೆ ಚೆನ್ನಾಗಿತ್ತಾ ಅಂದ್ರೆ, ಇಲ್ಲ. ಈಗ್ಲೂ ಸಿಮೆಂಟ್ ಕಿತ್ತು ಗೋಡೆ ಒಂದು ಬೇಸಿಗೆ ಒಣಗೋಕೆ ಬಿಟ್ರೆ ಮುಕ್ಕಾಲು ಸರಿ ಹೋಗುತ್ತೆ. ಟ್ರಸ್ಟಿನವ್ರಿಗೆ ಬರೀರಿ, ಜಗಳ ಮಾಡ್ಬೇಡಿ, ಉದ್ಘಾಟನೆ ಆದ್ಮೇಲೆ ತಾರಸಿ ಮೇಲೆ ಯಾರು ಹತ್ತಿದ್ರು, ಯಾವಾಗ ಹತ್ತಿದ್ರು ಅಂತ ಮಾತ್ರ ಕೇಳಿ.

ನಾನು ಇಂಗ್ಲೆಂಡಲ್ಲಿದೀನಿ, ನ್ಯಾಷನಲ್ ಟ್ರಸ್ಟ್ ಮೆಂಬರ್. ಕಾರ್ಡ್ ತೋರಿಸಿದ್ರೆ ಯಾವ ಬಂಗ್ಲೆಗೆ ಬೇಕಾದ್ರೂ ಹೋಗ್ಬೋದು. ನಮ್ಮಲ್ಲಿ ಯಾಕೆ ಹಿಂಗಿಲ್ಲ? ನಮ್ಮ ಜನಕ್ಕೆ ಇತಿಹಾಸದ ಬೆಲೆನೇ ಗೊತ್ತಿಲ್ಲ.
*ಮ್ಯಾಂಚೆಸ್ಟರ್ ಕನ್ನಡಿಗರು*

ಕೊನೇ ವಾಕ್ಯ ಒಪ್ಪಲ್ಲ ಸರ್. ಬೆಲೆ ಗೊತ್ತಿಲ್ದೇ ಇದ್ರೆ ಮೇಲಿನ ಹಾಸನದವ್ರು ನಂಗೆ ಪತ್ರ ಬರೀತಿರ್ಲಿಲ್ಲ. ಮೊದಲನೇದು ಮಾತ್ರ ಒಳ್ಳೇ ಪ್ರಶ್ನೆ.

ನ್ಯಾಷನಲ್ ಟ್ರಸ್ಟ್ ಅಂದ್ರೆ ಅಲ್ಲಿ ಹಳೇ ಕಟ್ಟಡ, ಜಾಗ ಉಳಿಸೋ ಸಂಸ್ಥೆ, 1895ರಲ್ಲಿ ಮೂರು ಜನ ಸೇರಿ ಮಾಡಿದ್ದು, ಅದ್ರಲ್ಲಿ ಆಕ್ಟೇವಿಯಾ ಹಿಲ್ ಅನ್ನೋ ಹೆಣ್ಮಗಳು ಲಂಡನ್ನಿನ ಬಡವರ ಮನೆಗಳಿಗಾಗಿ ಕೆಲಸ ಮಾಡ್ತಿದ್ದೋರು, ಇದು ನಂಗೆ ಯಾವಾಗ್ಲೂ ಖುಷಿ ಕೊಡುತ್ತೆ. ಅವ್ರು ತಗೊಂಡ ಮೊದಲ ಕಟ್ಟಡ ಆಲ್‌ಫ್ರಿಸ್ಟನ್ ಊರಿನ ಒಂದು ಹುಲ್ಲು ಮಾಡಿನ ಪಾದ್ರಿ ಮನೆ, 1896ರಲ್ಲಿ, 10 ಪೌಂಡಿಗೆ. ಅರಮನೆ ಅಲ್ಲ, ಬೀಳೋ ಹಂಗಿದ್ದ ಮನೆ. 1907ರಲ್ಲಿ ಪಾರ್ಲಿಮೆಂಟಿನ ಕಾಯ್ದೆ ಬಂತು, ಅದರ ಪ್ರಕಾರ ಟ್ರಸ್ಟು ತನ್ನ ಆಸ್ತಿನ "ಪರಭಾರೆ ಮಾಡೋ ಹಾಗಿಲ್ಲ" ಅಂತ ಘೋಷಿಸ್ಬೋದು, ಆಮೇಲೆ ಯಾರೂ ಮಾರೋಕಾಗಲ್ಲ. ಜನ ನಂಬಿ ಮನೆ ಬರ್ದುಕೊಟ್ಟಿದ್ದಕ್ಕೆ ಇದು ದೊಡ್ಡ ಕಾರಣ. ಈಗ 50 ಲಕ್ಷಕ್ಕೂ ಮೇಲೆ ಮೆಂಬರುಗಳು. ನಮ್ಮಲ್ಲಿ ಮನೆ ಬರ್ದುಕೊಟ್ರೆ ನಾಳೆ ಟ್ರಸ್ಟಿನ ಮಕ್ಕಳು ಮೊಮ್ಮಕ್ಕಳು ಏನ್ ಮಾಡ್ತಾರೋ ಅನ್ನೋ ಭಯ ಹೋಗೋವರ್ಗೂ ಆ ಕಾರ್ಡ್ ಬರಲ್ಲ ಅಂತ ನನ್ನ ಅಂದಾಜು.

ನಿಮ್ಮಲ್ಲೇ ಲ್ಯಾಂಡ್‌ಮಾರ್ಕ್ ಟ್ರಸ್ಟ್ ಅಂತ ಇನ್ನೊಂದಿದೆ ನೋಡಿ, 1965ರದ್ದು, ಹಳೇ ಕಟ್ಟಡ ರಿಪೇರಿ ಮಾಡಿ ರಜಕ್ಕೆ ಬರೋರಿಗೆ ಬಾಡಿಗೆ ಕೊಡ್ತಾರೆ, ಬಂದ ಬಾಡಿಗೆ ಮೇಂಟೆನೆನ್ಸಿಗೆ. ನಮ್ಮ ಮಲೆನಾಡು, ಕೊಡಗಿನ ಹೋಂಸ್ಟೇ ಮಾಡೋರು ಗೊತ್ತಿಲ್ದೇನೇ ಇದನ್ನೇ ಮಾಡ್ತಿದಾರೆ. ಇನ್ನು 1877ರಲ್ಲಿ ವಿಲಿಯಂ ಮಾರಿಸ್ ಮತ್ತವರ ಗೆಳೆಯರು ಶುರು ಮಾಡಿದ ಪುರಾತನ ಕಟ್ಟಡ ರಕ್ಷಣಾ ಸಂಘ ಇದೆ, ಸ್ಪ್ಯಾಬ್ ಅಂತಾರೆ. ಹಳೇ ಚರ್ಚುಗಳನ್ನ ಕೆರೆದು ಹೊಸದರಂಗೆ ಮಾಡೋದನ್ನ ವಿರೋಧಿಸಿ ಹುಟ್ಟಿದ್ದು, ಅದಕ್ಕೇ ಅಡ್ಡಹೆಸರು "ಕೆರೆಯಬೇಡಿ" ಸಂಘ. ಅವ್ರು ವರ್ಷ ವರ್ಷ ಚಳಿಗಾಲಕ್ಕೆ ಮುಂಚೆ ಮೇಂಟೆನೆನ್ಸ್ ವೀಕ್ ಅಂತ ಮಾಡ್ತಾರೆ, ಅದರಲ್ಲಿ ಒಂದಿನ ಬರೀ ದಂಬೆ ಕ್ಲೀನ್ ಮಾಡೋ ದಿನ. ನಿಜವಾಗ್ಲೂ! ಶಿರಸಿಯವ್ರು ಇದನ್ನ ಓದ್ತಿದ್ರೆ ಚೆನ್ನಾಗಿರುತ್ತೆ.

ಜನಕ್ಕೆ ಇರೋಕೆ ಮನೆ ಇಲ್ಲ, ನೀವು ಕಲ್ಲು ಉಳಿಸೋಕೆ ಕೋಟಿ ಕೋಟಿ ಸುರೀತೀರ. ದಾನ ಮಾಡೋರು ಆಸ್ಪತ್ರೆಗೆ ಕೊಡ್ಲಿ.
*ಕಲಬುರಗಿ*

ಕೊಡ್ಲಿ, ಆಸ್ಪತ್ರೆಗೆ ಕೊಡೋರನ್ನ ಇಲ್ಲಿಗೆ ಎಳ್ಕೊಂಡು ಬರೋ ಆಸೆ ನಂಗಿಲ್ಲ. ಆದ್ರೆ ಬರೀ ಕಲ್ಲು ಅಂದ್ರಲ್ಲ, ಅದಕ್ಕೆ ಮಾತ್ರ ಉತ್ತರ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟಲ್ಲಿ ಕುಸೀತು, ನಾಲ್ಕು ಜನ ಸತ್ರು. 2016ರಲ್ಲಿ ದೇವರಾಜ ಮಾರ್ಕೆಟ್ಟಿನ ಒಂದು ಭಾಗ ಬಿತ್ತು. ಎರಡರಲ್ಲೂ ಅಂಗಡಿ ಇಟ್ಕೊಂಡಿದ್ದೋರು ಶ್ರೀಮಂತ್ರಲ್ಲ. ಆಮೇಲೆ ಕೆಡವ್ಬೇಕಾ ಉಳಿಸ್ಬೇಕಾ ಅಂತ ವರ್ಷಗಟ್ಟಲೆ ಕಮಿಟಿ, ವರದಿ, ಕೋರ್ಟು. ಕೆಡವಿದ್ರೂ ಉಳಿಸಿದ್ರೂ ಅಂಗಡಿಯವ್ರ ಗತಿ ಅತಂತ್ರ.

ಕೂಲಿ ಲೆಕ್ಕಾನೂ ನೋಡಿ. ಹೊಸ ಕಟ್ಟಡದ ದುಡ್ಡಲ್ಲಿ ಬಹುಪಾಲು ಸಿಮೆಂಟು ಕಬ್ಬಿಣಕ್ಕೆ ಹೋಗುತ್ತೆ, ಹಳೇದರ ರಿಪೇರಿಯಲ್ಲಿ ಕೈ ಕೆಲಸಕ್ಕೆ ಹೋಗುತ್ತೆ. ಹುಮಾಯೂನ್ ಸಮಾಧಿಯಲ್ಲಿ ಕಲ್ಲುಕುಟಿಗರು, ಗಾರೆಯವ್ರು, ಬಡಗಿಗಳಿಗೆ ಸೇರಿ ಎರಡು ಲಕ್ಷ ಆಳಿನ ದಿನ ಕೆಲಸ ಸಿಕ್ತು. ನಿಮ್ಮ ಕಡೆಯ ಶಹಾಬಾದ್ ಕಲ್ಲಿನ ಕೆಲಸದವ್ರನ್ನ ಕೇಳಿ, ಅವ್ರ ಮಕ್ಕಳು ಈಗ ಆ ಕೆಲಸಕ್ಕೆ ಬರ್ತಿದಾರಾ ಅಂತ.

ನೀರಿಂದೂ ಒಂದಿದೆ. ವಿಜಯಪುರದ ಸುರಂಗ ಬಾವಡಿ, ಆದಿಲ್‌ಶಾಹಿ ಕಾಲದಲ್ಲಿ ನೆಲದೊಳಗಿಂದ ಊರಿಗೆ ನೀರು ತರ್ತಿದ್ದ ಸುರಂಗ, ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಅನ್ನೋ ನ್ಯೂಯಾರ್ಕಿನ ಸಂಸ್ಥೆ ಉಳಿಸ್ಬೇಕಾದ ಜಾಗಗಳ ತನ್ನ 2020ರ ಪಟ್ಟಿಯಲ್ಲಿ ಸೇರಿಸ್ತು. ಬರದ ಊರಿಗೆ ಅದು ಬರೀ ಕಲ್ಲಲ್ಲ.

ಹಳೇ ಕಟ್ಟಡ ಉಳಿಸಿ ಅಂತ ವಾಟ್ಸಾಪಲ್ಲಿ ಕ್ಯೂಆರ್ ಕೋಡ್ ಬರ್ತಿದೆ. ದುಡ್ಡು ಹಾಕ್ಬೋದಾ? ಟ್ಯಾಕ್ಸ್ ಉಳಿಯುತ್ತಾ?
*ದಾವಣಗೆರೆ*

ಕ್ಯೂಆರ್ ನೋಡಿ ಹಾಕ್ಬೇಡಿ. ಟ್ರಸ್ಟಿನ ಪೂರ್ತಿ ಹೆಸರು, ಪ್ಯಾನ್, ರಿಜಿಸ್ಟ್ರೇಷನ್ ಕೇಳಿ, ಕೊಡೋಕೆ ಹಿಂದೆ ಮುಂದೆ ನೋಡಿದ್ರೆ ಬಿಟ್ಬಿಡಿ. ಆ ಕಟ್ಟಡ ಯಾರದ್ದು, ಮಾಲೀಕರ ಒಪ್ಪಿಗೆ ಪತ್ರ ಇದೆಯಾ ಅದೂ ಕೇಳಿ, ಸಂರಕ್ಷಿತ ಸ್ಮಾರಕ ಆದ್ರೆ ಇಲಾಖೆ ಜೊತೆ ಒಪ್ಪಂದ ಇಲ್ದೆ ಯಾವ ಟ್ರಸ್ಟೂ ಮುಟ್ಟಂಗೇ ಇಲ್ಲ. ಟ್ಯಾಕ್ಸ್ ವಿನಾಯ್ತಿ, ಅದೇ ನಾವು 80ಜಿ ಅಂತೀವಲ್ಲ, ನೀವು ಹಳೇ ಟ್ಯಾಕ್ಸ್ ರಿಜೀಮಲ್ಲಿದ್ರೆ ಮಾತ್ರ, ಅದೂ 2000 ರೂಪಾಯಿ ಮೇಲೆ ಕ್ಯಾಶ್ ಕೊಟ್ರೆ ಇಲ್ಲ. ನಿಮ್ಮ ಸ್ವಂತ ಕಂಪನಿ ದೊಡ್ಡದಿದ್ರೆ ಐತಿಹಾಸಿಕ ಕಟ್ಟಡ ದುರಸ್ತಿನ ಸಿಎಸ್‌ಆರ್, ಅಂದ್ರೆ ಕಂಪನಿಗಳು ಸಮಾಜಕ್ಕೆ ಅಂತ ಖರ್ಚು ಮಾಡ್ಬೇಕಾದ ದುಡ್ಡಿನ ಲೆಕ್ಕಕ್ಕೂ ಹಾಕ್ಬೋದು, 2013ರ ಕಂಪನಿ ಕಾಯ್ದೆಯಲ್ಲೇ ಇದೆ. ದಾವಣಗೆರೆಯ ಹಳೇ ಮಿಲ್ಲುಗಳ ಬಗ್ಗೆ ಯಾರಾದ್ರೂ ಯೋಚ್ನೆ ಮಾಡಿದ್ರೆ ನಂಗೊಂದು ಮಾತು ತಿಳ್ಸಿ.

ಅಕ್ಕ, ನಾನು ಸಿವಿಲ್ ಎಂಜಿನಿಯರಿಂಗ್ ಮೂರನೇ ವರ್ಷ. ಇಂಥ ಟ್ರಸ್ಟಲ್ಲಿ ಸೇರ್ಬೇಕು ಅಂತ ಆಸೆ. ಮನೇಲಿ ಬೈತಾರೆ. ಏನ್ ಕಲೀಬೇಕು?
*ಧಾರವಾಡ*

ಬೈಲಿ ಬಿಡಪ್ಪ, ಸಂಬಳ ಕಮ್ಮಿ ಅನ್ನೋದು ನಿಜಾನೇ. ಕಾಲೇಜಲ್ಲಿ ಸುಣ್ಣದ ಬಗ್ಗೆ ಅರ್ಧ ಪುಟ ಹೇಳಿರ್ತಾರೆ, ಅದು ಸಾಲಲ್ಲ. ಈ ರಜದಲ್ಲಿ ನಿಮ್ಮೂರಲ್ಲಿ ಹಳೇ ಗಾರೆ ಕೆಲಸದ ಅಜ್ಜ ಯಾರಾದ್ರೂ ಉಳ್ಕೊಂಡಿದ್ರೆ ಹುಡುಕು, ಸುಣ್ಣದ ಹರಳು ನೀರಿಗೆ ಹಾಕಿದಾಗ ಕುದಿಯೋದನ್ನ ದೂರ ನಿಂತು ನೋಡು, ಕಣ್ಣು ಜೋಪಾನ. ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಎಷ್ಟು ದಿನ ಕೊಳೀಬೇಕು ಅಂತ ಅವ್ರಿಗೆ ವಾಸನೆಯಲ್ಲೇ ಗೊತ್ತಾಗುತ್ತೆ, ಆ ವಾಸನೆ ನಿಂಗೂ ಗೊತ್ತಾಗೋವರ್ಗೂ ಜೊತೆಗಿರು. ಆಮೇಲೆ ನಂಗೆ ಬರಿ, ಏಪ್ರಿಲಲ್ಲಿ ಒಂದು ವಾಡೆಯ ಅಳತೆ ಕೆಲಸ ಇದೆ, ಟೇಪ್ ಹಿಡಿಯೋಕೆ ಒಬ್ರು ಬೇಕು. ಏಣಿ ಹತ್ತೋಕೆ ಭಯ ಇಲ್ಲ ತಾನೇ?